ಪೆನ್ಸಿಲಮ್ಮನ ನಡಾವಳಿ

ಖಡ್ಗವನ್ನೆತ್ತಿ ಕೋಟೆಗಳನ್ನು ಕೆಡವಿದವರ ಚರಿತ್ರೆಯನ್ನು ನಾವೆಲ್ಲ ಶಾಲೆಯ ಬೆಂಚಿನ ಮೇಲೆ ನಿಂತು ಒಪ್ಪಿಸಿದ್ದೇವೆ. ಗದೆ ಎತ್ತಿದವರು, ಬಿಲ್ಲು ಎತ್ತಿದವರು, ಧ್ವಜ ಎತ್ತಿದವರು, ಕಡೆಗೆ ಏನೂ ಸಿಗದೆ ಬರಿಗೈ ಎತ್ತಿದವರು, ಎಲ್ಲರಿಗೂ ಅವರವರ ಪಾಲಿನ ಪುಟಗಳು ಸಿಕ್ಕಿವೆ. ಆದರೆ ಹೆಬ್ಬೆರಳಿನಷ್ಟುದ್ದದ, ಹಿಂಬದಿಯಲ್ಲಿ ಹಲ್ಲಿನ ಗುರುತು ಬಿದ್ದ ಒಂದು ಮೋಟು ಪೆನ್ಸಿಲನ್ನು ಕಿವಿಯ ಮಟ್ಟಕ್ಕೆ ಎತ್ತಿ, ಒಂಬತ್ತು ಮಂದಿ ಗಣ್ಯ ಗಂಡಸರ ನಗೆಯನ್ನು ಅವರವರ ಗಂಟಲಿನಲ್ಲೇ ತಡೆದು ನಿಲ್ಲಿಸಿದವರ ಚರಿತ್ರೆಯನ್ನು ಈವರೆಗೆ ಯಾರೂ ಬರೆದಿಲ್ಲ. ಆ ಕೊರತೆಯನ್ನು ತುಂಬುವ ಭಾರ, ಬೇರೆ ಯಾರೂ ಹೊರಲು ಮುಂದೆ ಬಾರದಿದ್ದರಿಂದ, ನನ್ನ ಹೆಗಲಿಗೆ ಬಿದ್ದಿದೆ.

ಆ ಪೆನ್ಸಿಲ್ ಏಳುವ ರೀತಿಯೇ ಒಂದು ವೈಭವ. ಸಭೆಯಲ್ಲಿ ಯಾರೋ ಒಬ್ಬರು ಹೆಂಗಸರ ಮೇಲೊಂದು ಹಾಸ್ಯವನ್ನು ಹಾರಿಸುತ್ತಾರೆ, ಉಳಿದವರು ನಗುತ್ತಾರೆ, ಆಗ ಮೇಜಿನ ತುದಿಯಲ್ಲಿ ಬಾಗಿದ್ದ ತಲೆಯೊಂದು ಮೆಲ್ಲನೆ ಮೇಲೇಳುತ್ತದೆ, ಅದರ ಹಿಂದೆಯೇ ಪೆನ್ಸಿಲ್ ಮೇಲೇಳುತ್ತದೆ, ಎದ್ದ ಪೆನ್ಸಿಲ್ ಎಡದಿಂದ ಬಲಕ್ಕೆ ಗಾಳಿಯಲ್ಲಿ ಚಲಿಸುತ್ತ, ನಗುತ್ತಿರುವ ಒಂದೊಂದು ಮುಖದ ಎದುರೂ ಒಂದು ಗಳಿಗೆ ತಗ್ಗಿ, ಒಂದು, ಎರಡು, ಮೂರು ಎಂದು ಎಣಿಸಿ, ಮತ್ತೆ ಕಾಗದಕ್ಕೆ ಇಳಿಯುತ್ತದೆ. ಆ ಮುಖದಲ್ಲಿ ಕೋಪವಿಲ್ಲ, ತಾಪವಿಲ್ಲ. ಕುರಿ ಎಣಿಸುವವರಿಗೆ ಕುರಿಗಳ ಮೇಲೆ ಎಷ್ಟು ಸಿಟ್ಟಿರುತ್ತದೋ ಅಷ್ಟೇ. ಆದರೆ ಅದರ ಪರಿಣಾಮವನ್ನು ಕುರಿತು ಶಾಖಾ ಕಚೇರಿಗಳಲ್ಲಿ ಎಂತೆಂಥ ದಂತಕಥೆಗಳು ಹುಟ್ಟಿಕೊಂಡವು! ಒಬ್ಬ ಸದಸ್ಯರು ಅರ್ಧ ನಕ್ಕು ನಿಲ್ಲಿಸಿದ್ದರಿಂದ ಮೂರು ದಿನ ಬಿಕ್ಕಳಿಕೆ ಅನುಭವಿಸಿದರಂತೆ. ಇನ್ನೊಬ್ಬರು ತುಟಿ ಅಲುಗದಂತೆ ಮೂಗಿನಲ್ಲೇ ನಗುವ ವಿದ್ಯೆಯನ್ನು ಸಾಧಿಸಿದರಂತೆ. ಚಹಾ ತಂದಿದ್ದವನು ಪೆನ್ಸಿಲ್ ತನ್ನತ್ತ ತಿರುಗಿತೆಂದು ಹೆದರಿ, 'ನಾನು ನಗ್ಲಿಲ್ಲಮ್ಮಾ, ನಂದು ಮುಖವೇ ಹೀಗೆ' ಎಂದು ಪ್ರಮಾಣ ಮಾಡಿದನಂತೆ. ಇದರಲ್ಲಿ ಕಡೆಯದು ಮಾತ್ರ ನಿಜ, ನಾನೇ ಕೇಳಿದ್ದೇನೆ.

ಕೇಳಿದ್ದೇನೆ ಎನ್ನಲು ಕಾರಣ, ನಾನು ಆ ಸಭೆಯ ಮೂಲೆಯಲ್ಲಿ ಹನ್ನೊಂದು ವರ್ಷ ನಿಂತವನು. ನಮ್ಮದು ಊರಿಗೆ ಕುಡಿಯುವ ನೀರು ಒದಗಿಸುವ ಮಂಡಳಿ. ಅಧ್ಯಕ್ಷರು, ಉಪಾಧ್ಯಕ್ಷರು, ಏಳು ಮಂದಿ ಸದಸ್ಯರು, ಹೀಗೆ ಒಂಬತ್ತು ಕುರ್ಚಿಗಳ ಒಂದು ಉದ್ದನೆಯ ಮೇಜು, ತಿಂಗಳಿಗೊಂದು ಸಭೆ. ನಾನು ನಕ್ಷೆಗಾರ. ಯಾವ ಬೀದಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಯಾರಾದರೂ ಕೇಳಿದರೆ ನಕ್ಷೆಯನ್ನು ಬಿಡಿಸಿ ಹಿಡಿಯುವುದು, ಕೇಳದಿದ್ದರೆ ಸುರುಳಿ ಸುತ್ತಿ ಹಿಡಿಯುವುದು, ಇದು ನನ್ನ ಉದ್ಯೋಗ. ನನ್ನ ಎದುರು, ಮೇಜಿನ ಇನ್ನೊಂದು ತುದಿಯಲ್ಲಿ, ಶೀಘ್ರಲಿಪಿಯ ಪುಸ್ತಕ ಹಿಡಿದು ಅವರು. ಗಣ್ಯರು ಅವರನ್ನು 'ಸ್ಟೆನೋ' ಎನ್ನುತ್ತಿದ್ದರು, ಕಿರಿಯರು 'ಅಕ್ಕಾ' ಎನ್ನುತ್ತಿದ್ದರು, ಬೆನ್ನ ಹಿಂದೆ ಇಡೀ ಕಚೇರಿ ಗ್ರಾಮದೇವತೆಯ ಗತ್ತಿನಲ್ಲಿ 'ಪೆನ್ಸಿಲಮ್ಮ' ಎನ್ನುತ್ತಿತ್ತು. ಅವರಿಗೆ ಮೂರೂ ಒಂದೇ. ಯಾವುದಕ್ಕೆ ಕರೆದರೂ 'ಹೇಳಿ, ಬರ್ಕೋತೀನಿ' ಎನ್ನುತ್ತಿದ್ದರು.

ಗಿಡ್ಡ ಆಳು, ಸ್ವಲ್ಪ ಮುಂದಕ್ಕೆ ಬಾಗಿದ, ಚುರುಕಾದ, ಮಳೆ ಬರುವ ಮೊದಲು ಒಣಗಿದ ಬಟ್ಟೆ ತೆಗೆಯಲು ಹೊರಟವರಂಥ ನಡಿಗೆ. ಮೈಮೇಲೆ ಸದಾ ಒಂದು ಕಂದು ಕೋಟು. ಅದು ಹಿಂದೆ ಯಾವನೋ ಗುಮಾಸ್ತ ಬಿಟ್ಟುಹೋದ, ಮೊಣಕೈಯಲ್ಲಿ ತೇಪೆ ಬಿದ್ದ, ಭುಜ ಎರಡು ಬೆರಳು ಜೋಲುತ್ತಿದ್ದ ಗಂಡಸಿನ ಕೋಟು. ಅದನ್ನು ಕಂಡು ನಗದವರಿಲ್ಲ, ಕೇಳದವರಿಲ್ಲ. 'ಇದೇನಮ್ಮ, ಗಂಡಸರ ಕೋಟು ಹಾಕ್ಕೊಂಡಿದ್ದೀರಿ?' ಎಂದರೆ ಅವರು ಅದರ ಹೊರಗಿನ ನಾಲ್ಕು, ಒಳಗಿನ ಮೂರು ಜೇಬುಗಳಿಂದ ಪೆನ್ಸಿಲು, ರಬ್ಬರು, ಬೀಗದ ಕೈ, ಕನ್ನಡಕ, ಅತ್ತೆಯ ಮಾತ್ರೆಯ ಚೀಟಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, 'ಹೆಂಗಸರ ಬಟ್ಟೆ ಹೊಲಿಯೋರು ನಮಗೆ ಕೈ ಇದೆ ಅಂತ ನಂಬ್ತಾರೆ, ಸಾಮಾನು ಇದೆ ಅಂತ ನಂಬಲ್ಲ' ಎಂದು, ಮತ್ತೆ ಎಲ್ಲವನ್ನೂ ಅದೇ ಕ್ರಮದಲ್ಲಿ ಒಳಗಿಳಿಸುತ್ತಿದ್ದರು. ಕೇಳಿದವರು ಇನ್ನೊಮ್ಮೆ ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ಯಾರಿಗೆ ಇರುತ್ತದೆ?

ಅವರು ನಗದವರೆಂದು ಮಾತ್ರ ಯಾರೂ ತಿಳಿಯಬಾರದು. ನಿಜವಾದ ಹಾಸ್ಯ ಕಿವಿಗೆ ಬಿದ್ದರೆ ಅವರು ನಗುತ್ತಿದ್ದ ರೀತಿ ಬಾವಿಯೊಳಕ್ಕೆ ಖಾಲಿ ಬಿಂದಿಗೆ ಉರುಳಿಬಿದ್ದಂತೆ: ಮೊದಲು ಒಂದು ಢಣ್, ಆಮೇಲೆ ಗೋಡೆಗೋಡೆಗೆ ತಾಗುತ್ತ ಕೆಳಕೆಳಕ್ಕೆ ಇಳಿಯುವ ಢಣಢಣ, ಕಡೆಗೆ ಒಂದು ದೀರ್ಘ ಗುಳುಗುಳು. ಒಮ್ಮೆ ಅಧ್ಯಕ್ಷರು ಹೊಸ ನಲ್ಲಿಯನ್ನು ಉದ್ಘಾಟಿಸುತ್ತ 'ಇಂದಿನಿಂದ ಈ ಬೀದಿಯಲ್ಲಿ ನೀರಿನ ಬವಣೆ ಇಲ್ಲ' ಎಂದು ತಿರುಗಿಸಿದಾಗ ನಲ್ಲಿಯಿಂದ ನೀರಿನ ಬದಲು ಒಂದು ಸುದೀರ್ಘ ನಿಟ್ಟುಸಿರು ಹೊರಟಿತು. ಅಂದಿನ ವರದಿಯಲ್ಲಿ ಹೀಗಿದೆ: 'ನಲ್ಲಿ ನಿಟ್ಟುಸಿರು ಬಿಟ್ಟಿತು. ನೆರೆದವರು ನಕ್ಕರು. ವರದಿ ಬರೆಯುವವರೂ ನಕ್ಕರು, ಎಲ್ಲರಿಗಿಂತ ಜೋರಾಗಿ.' ಎಣಿಕೆಯಲ್ಲಿ ತಮ್ಮನ್ನು ಬಿಟ್ಟುಬಿಡುವ ಜಾಯಮಾನ ಅವರದಲ್ಲ.

ಈ ಮಹಾಯುದ್ಧಕ್ಕೆ ಕಹಳೆ ಊದಿದವರು ಅವರಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಊದಿದವರು ಸ್ವತಃ ಅಧ್ಯಕ್ಷರು. ಒಂದು ಸಭೆಯಲ್ಲಿ ಇಬ್ಬರು ಸದಸ್ಯರು, ಮೇಲಿನ ಟ್ಯಾಂಕನ್ನು ತೊಳೆಸುತ್ತೇನೆಂದು ಒಪ್ಪಿಕೊಂಡವರು ನೀವು, ಅಲ್ಲ ನೀವು ಎಂದು ಜಗಳಕ್ಕೆ ಬಿದ್ದರು. ನಡಾವಳಿಯಲ್ಲಿ, ಅಂದರೆ ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕದಲ್ಲಿ, 'ಟ್ಯಾಂಕಿನ ವಿಷಯ ಚರ್ಚಿಸಲಾಯಿತು' ಎಂದಷ್ಟೇ ಇತ್ತು. ಅಧ್ಯಕ್ಷರಿಗೆ ರೇಗಿತು. ಮೇಜು ಗುದ್ದಿದರು.

'ಇನ್ಮೇಲೆ ಸಾರಾಂಶ ಗೀರಾಂಶ ಬೇಡ. ಈ ಕೋಣೇಲಿ ಯಾರು ಏನಂದ್ರೋ ಅದನ್ನ ಅಂದ ಹಾಗೇ ಬರೀಬೇಕು. ಒಂದು ಮಾತು ಬಿಡಬಾರದು.'

'ಎಲ್ಲಾನೂನಾ ಸಾರ್?'

'ಎಲ್ಲಾನೂ!'

'ಕೆಲಸದ ಮಾತು ಮಾತ್ರಾನಾ, ಉಳಿದಿದ್ದೂನಾ?'

'ಇಲ್ಲಿ ಕೆಲಸಕ್ಕೆ ಬಾರದ ಮಾತು ಯಾರಮ್ಮ ಆಡ್ತಾರೆ?'

'ನಗೋದು?'

'ಎಲ್ಲಾ ಅಂದ್ನಲ್ಲಮ್ಮ! ಹೆಂಗಸರಿಗೆ ಒಂದು ಮಾತು ನೂರು ಸಲ ಹೇಳ್ಬೇಕು.'

ಉಪಾಧ್ಯಕ್ಷರು ಹೋ ಎಂದು ನಕ್ಕರು. ಅವರು ಬಲುದೊಡ್ಡ ನಗೆಗಾರರು. ಬಟ್ಟೆ ಅಂಗಡಿಯ ಮಾಲೀಕರು, ದುಂಡುಮುಖ, ಮನಸ್ಸಿನಲ್ಲಿ ಕಪಟವಿಲ್ಲ, ಆದರೆ ಬಾಯಿ ತೆರೆದರೆ ಹೆಂಡತಿ, ಅತ್ತೆ, ನಾದಿನಿ, ಸೊಸೆ ಇವರಲ್ಲಿ ಒಬ್ಬರಾದರೂ ಹೊರಗೆ ಬೀಳದೆ ಬಾಯಿ ಮುಚ್ಚುತ್ತಿರಲಿಲ್ಲ. ಅವರ ನಗೆ ಕೇಳಿ ಇನ್ನು ನಾಲ್ವರು ನಕ್ಕರು. ಪೆನ್ಸಿಲ್ ತನ್ನ ಜೀವಮಾನದಲ್ಲಿ ಮೊಟ್ಟಮೊದಲ ಬಾರಿಗೆ ಮೇಲೆದ್ದದ್ದು ಆಗ. ನಮಗೆ ಯಾರಿಗೂ ಆ ಗಳಿಗೆಯ ಮಹತ್ವ ತಿಳಿಯಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡೆವು. ಲೆಕ್ಕವೇ ಹಾಕುತ್ತಿದ್ದರು.

ಮುಂದಿನ ತಿಂಗಳು. ನಿಯಮದ ಪ್ರಕಾರ ಹಿಂದಿನ ಸಭೆಯ ನಡಾವಳಿಯನ್ನು ಮೊದಲು ಗಟ್ಟಿಯಾಗಿ ಓದಬೇಕು, ಒಬ್ಬ ಸದಸ್ಯರು 'ಸರಿಯಾಗಿದೆ' ಎಂದು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಅಧ್ಯಕ್ಷರು ಪ್ರತಿ ಪುಟಕ್ಕೂ ಸಹಿ ಹಾಕಬೇಕು, ಆನಂತರವೇ ಹೊಸ ಮಾತು. ಪೆನ್ಸಿಲಮ್ಮ ಎದ್ದು ನಿಂತು, ಕನ್ನಡಕ ಏರಿಸಿ, ಪೈಪಿನ ಅಳತೆ ಓದುವ ಧ್ವನಿಯಲ್ಲೇ ಓದತೊಡಗಿದರು. 'ಕೆಳಬೀದಿಗೆ ಆರಂಗುಲದ ಪೈಪು, ಎಪ್ಪತ್ತು ಗಜ. ವಾಲ್ವು ನಾಲ್ಕು. ಹೆಂಗಸರಿಗೆ ಒಂದು ಮಾತು ನೂರು ಸಲ ಹೇಳಬೇಕೆಂದು ಅಧ್ಯಕ್ಷರು ತಿಳಿಸಿದರು. ನಕ್ಕವರು ಐದು ಮಂದಿ. ಸೋರುವ ಪೈಪು ಮತ್ತು ಹೆಂಗಸರ ಬಾಯಿ ಇವೆರಡಕ್ಕೂ ಮುಚ್ಚಳವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವೆಂದು ಉಪಾಧ್ಯಕ್ಷರು ಸಭೆಯ ಗಮನಕ್ಕೆ ತಂದರು. ನಕ್ಕವರು ಆರು ಮಂದಿ. ಸಭೆಯು ಇದನ್ನು ಗಮನಿಸಿತು.'

ಹಾಸ್ಯವೆಂಬುದು ಬಿಸಿ ಎಣ್ಣೆಯಿಂದ ಆಗ ತಾನೇ ತೆಗೆದ ಕರಿದ ತಿಂಡಿಯಂಥದ್ದು. ಒಂದು ತಿಂಗಳು ಇಟ್ಟು, ತಣ್ಣಗಿನ ತಟ್ಟೆಯಲ್ಲಿ ಬಡಿಸಿದರೆ ಮಾಡಿದವನೇ ಮುಟ್ಟುವುದಿಲ್ಲ. ಉಪಾಧ್ಯಕ್ಷರ ದುಂಡುಮುಖ ಇನ್ನಷ್ಟು ದುಂಡಗಾಯಿತು.

'ಅದನ್ನೆಲ್ಲ ಯಾಕಮ್ಮ ಬರೆಯೋದು? ತಮಾಷೆಗೆ ಅಂದದ್ದು. ತೆಗೆದುಬಿಡಿ.'

'ತೆಗೀತೀನಿ ಸಾರ್. ಅಂದಿಲ್ಲ ಅಂತ ಬರ್ಕೊಳ್ಳಲಾ?'

'ಅಂದಿಲ್ಲ ಅಂತಲ್ಲ... ಅಂದೆ. ಆದ್ರೆ...'

'ಅಂದೆ. ಆದ್ರೆ,' ಎಂದು ಅವರು ಬರೆದುಕೊಂಡು, ಮುಂದಿನ ಶಬ್ದಕ್ಕಾಗಿ ವಿನಯದಿಂದ ಕಾದರು. ನಡಾವಳಿ ಅನುಮೋದನೆಯಾಯಿತು. ಅಧ್ಯಕ್ಷರು ತಮ್ಮ ಮಾತಿನ ಕೆಳಗೆ ತಾವೇ ಸಹಿ ಹಾಕಿದರು, ಹಾಕುವಾಗ ನಿಬ್ಬು ಕಾಗದಕ್ಕೆ ಚುಚ್ಚಿಕೊಂಡಿತು.

ಆದೇಶವನ್ನು ಹಿಂದಕ್ಕೆ ಪಡೆದರಾಯಿತಲ್ಲ ಎಂದು ನೀವು ಕೇಳಬಹುದು. ಪಡೆಯಬೇಕಾದರೆ ಕಾರಣ ಹೇಳಬೇಕು. ಹೇಳಿದ ಕಾರಣವೂ ನಡಾವಳಿಗೆ ಬರುತ್ತದೆ. ಅದನ್ನು ಮುಂದಿನ ತಿಂಗಳು ಗಟ್ಟಿಯಾಗಿ ಓದಲಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು. ನಡಾವಳಿಯ ಒಂದೊಂದು ಪ್ರತಿ ಅಂಚೆಯಲ್ಲಿ ಸದಸ್ಯರ ಮನೆಗೆ ಹೋಗುತ್ತಿತ್ತು, ಮೂವತ್ತು ವರ್ಷಗಳಿಂದ ಹೋಗುತ್ತಿತ್ತು, ಮೂವತ್ತು ವರ್ಷಗಳಿಂದ ಯಾರೂ ಒಡೆದು ನೋಡುತ್ತಿರಲಿಲ್ಲ. ಈಗ ಯಾವುದೋ ಮನೆಯಲ್ಲಿ ಯಾವುದೋ ಗೃಹಿಣಿ ಒಡೆದು ನೋಡಿದರು. ಆ ಮಧ್ಯಾಹ್ನವೇ ಊರಿನ ಎಂಟು ಮನೆಗಳಲ್ಲಿ ಎಂಟು ಲಕೋಟೆಗಳು ಒಡೆದವು. ಒಂಬತ್ತನೆಯ ಮನೆಯ ಸದಸ್ಯರು ಬ್ರಹ್ಮಚಾರಿ. ಅವರದನ್ನು ಅವರ ತಾಯಿ ಒಡೆದರು.

ಉಪಾಧ್ಯಕ್ಷರ ಪತ್ನಿ ನಿವೃತ್ತ ಗಣಿತದ ಮೇಷ್ಟರು. ಅವರು ಪ್ರತಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಷರಾ ಬರೆದು, ಮಂಡಳಿಗೇ ಹಿಂದಕ್ಕೆ ಕಳಿಸಿದರು. ಬಂದ ಪತ್ರಗಳನ್ನು ಸಭೆಯ ಮುಂದೆ ಓದಬೇಕೆಂಬುದೂ ನಿಯಮವೇ. ಓದಲಾಯಿತು: 'ಹೆಂಗಸರ ಬಾಯಿಗೆ ಮುಚ್ಚಳವಿಲ್ಲ ಎಂಬ ಹೇಳಿಕೆ ನಮ್ಮ ಮನೆಯ ಮಟ್ಟಿಗೆ ತಪ್ಪು. ಹೋದ ಭಾನುವಾರ ಬೆಳಿಗ್ಗೆಯಿಂದ ಊಟದವರೆಗೆ ಗಡಿಯಾರ ಹಿಡಿದು ನೋಡಿದೆ. ಇವರು ಮಾತಾಡಿದ್ದು ಮೂರು ಗಂಟೆ ಹತ್ತು ನಿಮಿಷ, ನಾನು ಹದಿನಾಲ್ಕು ನಿಮಿಷ. ಅದರಲ್ಲಿ ಒಂಬತ್ತು ನಿಮಿಷ ಇವರ ಕನ್ನಡಕ ಎಲ್ಲಿದೆ ಎಂದು ಹೇಳುವುದಕ್ಕೆ. ದಾಖಲೆಯನ್ನು ತಿದ್ದಿಕೊಳ್ಳಬೇಕಾಗಿ ವಿನಂತಿ.' ಆ ದಿನ ಪೆನ್ಸಿಲ್ ಎದ್ದಿತು, ಎಂಟು ಮುಖಗಳ ಎದುರು ತಗ್ಗಿತು, ತಿರುಗಿ ಬಂದು ಹಿಡಿದವರ ಎದೆಯ ಕಡೆಗೂ ಒಮ್ಮೆ ತಗ್ಗಿತು. ಬಿಂದಿಗೆ ಬಾವಿಗೆ ಬಿತ್ತು.

ಇಲ್ಲಿಂದ ಮುಂದೆ ಸಭೆಯ ಭಾಷೆಗೆ ಒಂದು ವಿಚಿತ್ರ ಎಚ್ಚರ ಬಂದಿತು. ಅಲ್ಲಿಯವರೆಗೆ ನಾವು ಯಾರೂ ಕೇಳಿಸಿಕೊಳ್ಳದೆಯೇ ಆಡುತ್ತಿದ್ದ ಮಾತುಗಳೆಲ್ಲ ಇದ್ದಕ್ಕಿದ್ದಂತೆ ಕೇಳಿಸತೊಡಗಿದವು. ಒಬ್ಬ ಸದಸ್ಯರು ಆವೇಶದಿಂದ 'ನಾವೇನು ಬಳೆ ತೊಟ್ಕೊಂಡು ಕೂತಿದ್ದೀವಾ?' ಎಂದರು. ನಡಾವಳಿ: 'ತಾವು ಬಳೆ ತೊಟ್ಟಿಲ್ಲವೆಂದು ಸದಸ್ಯರು ತಿಳಿಸಿದರು. ಸಭೆಯು ಪರಿಶೀಲಿಸಿ, ಸರಿಯೆಂದು ಕಂಡುಕೊಂಡಿತು.' ಇನ್ನೊಬ್ಬರು ಒಂದು ಅಂದಾಜು ಪಟ್ಟಿಯನ್ನು ಎಸೆದು 'ಇದೇನ್ರೀ ಅಡುಗೂಲಜ್ಜಿ ಕಥೆ' ಎಂದರು. ಕಥೆಯ ಹೆಸರು, ಅಜ್ಜಿಯ ವಿಳಾಸ ಇದ್ದರೆ ಒಳ್ಳೆಯದು ಎಂದು ಅವರು ಕೇಳಿದಾಗ, ಸದಸ್ಯರು 'ಅಂದಾಜು ಸರಿಯಾಗಿಲ್ಲ ಅಂತ ಬರ್ಕೊಳ್ಳಿ ತಾಯಿ' ಎಂದು ಕೈಮುಗಿದರು. ಅದು ಬರೆದುಕೊಳ್ಳಬಹುದಾದ ಮಾತಾಗಿತ್ತು.

ಅತ್ಯಂತ ರೋಮಾಂಚಕ ಪ್ರಸಂಗ ಕಿರಿಯ ಇಂಜಿನಿಯರ್ ಹುಡುಗಿಯದು. ಕೊನೆಯ ಬೀದಿಗೆ ನೀರು ಏರದ ಸಮಸ್ಯೆಯನ್ನು ಅವಳು ವಾಲ್ವಿನ ಜಾಗ ಬದಲಿಸಿ ಬಗೆಹರಿಸಿದಾಗ, ಅಧ್ಯಕ್ಷರು ಅಪಾರ ಮೆಚ್ಚುಗೆಯಿಂದ 'ಭೇಷ್! ಗಂಡಸಿನ ಹಾಗೆ ಕೆಲಸ ಮಾಡಿದ್ದಾಳೆ ಕಣ್ರೀ ಹುಡುಗಿ!' ಎಂದರು. ಯಾರೂ ನಗಲಿಲ್ಲ, ಇದು ಹಾಸ್ಯವಲ್ಲ, ಹೊಗಳಿಕೆ. ಆದರೂ ತಲೆ ಎದ್ದಿತು.

'ಯಾವ ಗಂಡಸಿನ ಹಾಗೆ ಸಾರ್?'

'ಅಂದ್ರೆ?'

'ಹೆಸರು ಹಾಕ್ಬೇಕಲ್ಲ ಸಾರ್. ಇಲ್ಲಿರೋರಲ್ಲಿ ಯಾರ ಹಾಗೆ?'

ಅಧ್ಯಕ್ಷರು ಮೇಜಿನ ಎಡಬದಿಯನ್ನು ನೋಡಿದರು. ಅಲ್ಲಿ ಒಬ್ಬರು ಹಲ್ಲು ಕೆದಕುತ್ತಿದ್ದರು. ಬಲಬದಿಯನ್ನು ನೋಡಿದರು. ಅಲ್ಲಿ ನಿವೃತ್ತ ವೈದ್ಯರಾದ ಹಿರಿಯ ಸದಸ್ಯರು, ಎಂದಿನಂತೆ, ಎದೆಯ ಮೇಲೆ ಗಲ್ಲವಿಟ್ಟು ನಿದ್ರಿಸುತ್ತಿದ್ದರು. ಮೂಲೆಯಲ್ಲಿ ನಾನಿದ್ದೆ, ನನ್ನ ಮೇಲೆ ಅವರ ದೃಷ್ಟಿ ಬಹಳ ಹೊತ್ತು ನಿಲ್ಲಲಿಲ್ಲ. ಕಡೆಗೆ ಅವರು ಸೋತ ಧ್ವನಿಯಲ್ಲಿ 'ಚೆನ್ನಾಗಿ ಕೆಲಸ ಮಾಡಿದ್ದಾಳೆ ಅಂತ ಹಾಕ್ಕೊಳ್ಳಿ' ಎಂದರು. ಹುಡುಗಿ ಕಾಗದಗಳಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ಕುಲುಕುತ್ತಿದ್ದುದು ನನಗೆ ಕಾಣುತ್ತಿತ್ತು.

ನಾನು ಈ ಎಣಿಕೆಯಿಂದ ಹೊರಗಿದ್ದೆ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ನಡಾವಳಿ ಕಪಾಟಿನಲ್ಲಿದೆ. ಒಮ್ಮೆ ಉಪಾಧ್ಯಕ್ಷರು ಏನೋ ಅಂದಾಗ, ದೊಡ್ಡವರು ಅಂದರಲ್ಲ ಎಂಬ ಮುಲಾಜಿಗೆ ನಾನೂ ಹಲ್ಲು ತೋರಿಸಿದೆ. ಸಭೆ ಮುಗಿದ ಮೇಲೆ ಪೆನ್ಸಿಲಮ್ಮ ನನ್ನ ಮೇಜಿನ ಬಳಿ ಬಂದು ಕೇಳಿದರು: 'ನೀವು ನಕ್ಕಿದ್ದಾ, ಇಲ್ಲ ಹಲ್ಲುನೋವಾ? ಎಣಿಸಬೇಕೋ ಬೇಡವೋ ಗೊತ್ತಾಗ್ಲಿಲ್ಲ.' ಹಲ್ಲುನೋವು ಎನ್ನಬಹುದಿತ್ತು. ಆ ಮುಖ ನೋಡಿ ಸುಳ್ಳು ಬರಲಿಲ್ಲ. 'ನಕ್ಕಿದ್ದು' ಎಂದೆ. 'ನಕ್ಷೆಗಾರರು ಸೇರಿ ಐದು' ಎಂದು ಬರೆದುಕೊಂಡು ಹೋದರು. ಆ ಸಾಲು ಓದಿದ ದಿನ ನಕ್ಷೆ ತಲೆಕೆಳಗಾಗಿ ಹಿಡಿದಿದ್ದೆನಂತೆ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಪೆಟ್ಟು ಬಂದಿತು. ಉಪಾಧ್ಯಕ್ಷರು ಒಂದು ಧ್ವನಿಮುದ್ರಣ ಯಂತ್ರ ತರಿಸುವ ಸಲಹೆ ಮುಂದಿಟ್ಟರು. ಆ ಯಂತ್ರಕ್ಕೆ ಒಂದು ಗುಂಡಿ ಇರುತ್ತದೆ, ಬೇಕಾದಾಗ ಒತ್ತಿ ನಿಲ್ಲಿಸಬಹುದು ಎಂದು ಅವರು ಹೇಳಿದಾಗ ಮೇಜಿನ ಸುತ್ತ ಒಂದು ಆನಂದದ ಅಲೆ ಹರಿಯಿತು. ಯಂತ್ರ ಬಂದರೆ ವರ್ಷದ ಕೊನೆಗೆ ಸ್ಟೆನೋ ಹುದ್ದೆ ರದ್ದು. ಹುದ್ದೆ ರದ್ದಾದವರಿಗೆ ಪಂಪ್‌ಹೌಸಿನ ಉಗ್ರಾಣ. ಅಲ್ಲಿ ಹಗಲೆಲ್ಲ ಮೂರು ಪಂಪುಗಳು ಒಟ್ಟಿಗೆ ಗುಡುಗುತ್ತವೆ. ಪಕ್ಕದಲ್ಲಿ ನಿಂತವರು ಕೂಗಿದರೂ ತುಟಿ ಅಲ್ಲಾಡುವುದು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ಕಿವಿಯಿಂದ ಬದುಕಿದವರನ್ನು ಅಲ್ಲಿ ನಟ್ಟು ಬೋಲ್ಟು ಎಣಿಸಲು ಕೂರಿಸುವುದು. ಉಳಿದಿದ್ದ ಒಂದೇ ದಾರಿ ಮಂಡಳಿಯ ಕಾರ್ಯದರ್ಶಿಯ ಸ್ಥಾನ. ಇದ್ದವರು ನಿವೃತ್ತರಾಗುತ್ತಿದ್ದರು, ಸೇವೆಯಲ್ಲಿ ಹಿರಿಯರು ಇವರೇ, ಮಂಡಳಿ ಕೈ ಎತ್ತಿ ಒಪ್ಪಬೇಕು, ಅಷ್ಟೇ.

ಆ ವಿಷಯ ಸಭೆಗೆ ಬಂದಾಗ, ಅವರು ಎದುರಿಗೇ ಕೂತು ಬರೆದುಕೊಳ್ಳುತ್ತಿರುವಾಗಲೇ, ಉಪಾಧ್ಯಕ್ಷರು ತಡೆಯಲಾರದೆ ಅಂದುಬಿಟ್ಟರು: 'ಹೆಂಗಸರನ್ನ ಕಾರ್ಯದರ್ಶಿ ಮಾಡಿದ್ರೆ ಸಭೆ ಹನ್ನೊಂದಕ್ಕೆ ಅಂತ ಕರೆದು ಅವರು ಕನ್ನಡಿ ಬಿಟ್ಟು ಬರೋದು ಒಂದಕ್ಕೆ!' ಏಳು ಮಂದಿ ನಕ್ಕರು. ಎಷ್ಟೋ ದಿನದ ಹಸಿವಿನ ನಗು ಅದು. ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು. ಪೆನ್ಸಿಲ್ ಎದ್ದಿತು, ಎಣಿಸಿತು, ಇಳಿಯಿತು. ಇಳಿಯುವಾಗ ಮೊನೆ ಮುರಿಯಿತು.

ವಾರದ ನಂತರ ಉಪಾಧ್ಯಕ್ಷರು ತಾವಾಗಿಯೇ ಅವರ ಮೇಜಿಗೆ ಬಂದರು. ನಾನು ಪಕ್ಕದ ಮೇಜಿನಲ್ಲಿ ಗೆರೆ ಎಳೆಯುತ್ತಿದ್ದೆ; ಎಳೆದ ಗೆರೆಯನ್ನೇ ಐದು ಸಲ ಎಳೆದೆ.

'ನೋಡಮ್ಮಾ, ಆ ಕನ್ನಡಿ ಮಾತು ಒಂದು ಬಿಟ್ಬಿಡಿ. ನಮ್ಮನೆಯವರು ಈಗಾಗ್ಲೇ ಕೆಂಪು ಶಾಯಿ ತರಿಸಿಟ್ಕೊಂಡಿದ್ದಾರೆ. ಒಂದು ಸಾಲು. ನಿಮ್ಮ ಹೆಸರನ್ನ ನಾನೇ ಸೂಚಿಸ್ತೀನಿ. ಕುರ್ಚಿ ನಿಮ್ದು.'

'ಬಿಡದಿದ್ರೆ?'

'ಪಂಪ್‌ಹೌಸಲ್ಲಿ ಗಾಳಿ ಚೆನ್ನಾಗಿ ಬರುತ್ತಮ್ಮ,' ಎಂದರು, ನಿಜಕ್ಕೂ ವ್ಯಥೆಪಡುತ್ತ.

ಭಾನುವಾರ ನಾನೂ ಇಂಜಿನಿಯರ್ ಹುಡುಗಿಯೂ ಪೆನ್ಸಿಲಮ್ಮನ ಮನೆಗೆ ಹೋದೆವು. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ತುಂಬ ಗಡಿಯಾರಗಳು, ಪ್ರತಿಯೊಂದೂ ಬೇರೆಬೇರೆ ಹೊತ್ತು ತೋರಿಸುತ್ತ. ಅವರ ಯಜಮಾನರು ಗಡಿಯಾರ ರಿಪೇರಿಯವರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ನಮಗೆ ನಮಸ್ಕಾರ ಹೇಳಿ ಮತ್ತೆ ಒಂದು ಸ್ಪ್ರಿಂಗಿನ ಮೇಲೆ ಬಾಗಿದರು. ಮಾತೆಲ್ಲ ಅತ್ತೆಯದು. 'ಅಕ್ಕಾ, ಒಂದೇ ಒಂದು ಸಾಲು ಬಿಟ್ಬಿಡಿ' ಎಂದು ಹುಡುಗಿ ಅಂಗಲಾಚುತ್ತಿದ್ದಾಗ ಆ ಮುದುಕಿ ನನ್ನತ್ತ ತಿರುಗಿ ಗೋಳು ತೋಡಿಕೊಂಡರು.

'ಅವಳು ಬಿಡಲ್ಲ ಕಣಪ್ಪ. ಮನೇಲೂ ಇದೇ. ಹೋದ ವರ್ಷ ನಾನೇನಂದೆ ಅಂತ ಇವತ್ತು ಹೇಳ್ತಾಳೆ. ಬೈದು ಹೇಳಿದ್ರೆ ನಾನೂ ಬೈಬಹುದು. ಬೈಯಲ್ಲ. ನಾನಂದ ಹಾಗೇ ಹೇಳ್ತಾಳೆ. ಸೊಸೆ ಹತ್ರ ಜಗಳ ಆಡೋ ಸುಖ ಅನ್ನೋದು ನನ್ನ ಹಣೇಲಿ ಬರೀಲಿಲ್ಲ.'

ಸೊಸೆ ಹುಡುಗಿಯ ಕೈಗೆ ಚಹಾದ ಲೋಟ ಕೊಟ್ಟು, ಅಷ್ಟೇ ಮೆಲ್ಲಗೆ ಹೇಳಿದರು: 'ನಂಗೂ ಆ ಕುರ್ಚಿ ಬೇಕು ಕಣೇ. ಆ ಪಂಪಿನ ಸದ್ದು ನೆನೆಸ್ಕೊಂಡ್ರೆ ನಿದ್ದೆ ಬರಲ್ಲ. ಆದ್ರೆ ಒಂದು ಬಿಟ್ರೆ, ಇಷ್ಟು ದಿನ ಬರೆದಿದ್ದೆಲ್ಲ ನಾನು ಆರಿಸ್ಕೊಂಡು ಬರೆದದ್ದು ಅಂತ ಆಗಿಹೋಗುತ್ತೆ.'

ಸಭೆಯ ದಿನ ಅವರು ಎಂದಿನಂತೆ ಹತ್ತೂವರೆಗೇ ಬಂದು ಕೂತರು. ಎದ್ದು ನಿಂತು ಓದಿದರು. ಪೈಪು, ವಾಲ್ವು, ಟ್ಯಾಂಕಿನ ಮುಚ್ಚಳ. ಕನ್ನಡಿಯ ಸಾಲು ಹತ್ತಿರ ಬಂದಂತೆ ಉಪಾಧ್ಯಕ್ಷರು ಮೇಜಿನ ಅಂಚನ್ನು ಹಿಡಿದುಕೊಂಡರು. ನಾನು ನಕ್ಷೆಯ ಸುರುಳಿಯನ್ನು ಹಿಂಡುತ್ತಿದ್ದೆ. ಧ್ವನಿ ಒಂದಿಷ್ಟೂ ಏರಲಿಲ್ಲ, ಇಳಿಯಲಿಲ್ಲ: '...ಅವರು ಕನ್ನಡಿ ಬಿಟ್ಟು ಬರುವುದು ಒಂದಕ್ಕೆ ಎಂದು ಉಪಾಧ್ಯಕ್ಷರು ತಿಳಿಸಿದರು. ನಕ್ಕವರು ಏಳು ಮಂದಿ. ನಡಾವಳಿ ಬರೆಯುವವರು ನಗಲಿಲ್ಲ.'

ಆ ಮೌನದಲ್ಲಿ ನಮ್ಮ ಹಿರಿಯ ವೈದ್ಯರು ಎಚ್ಚರಗೊಂಡರು. ಯಾವ ನಿದ್ದೆಗೂ ಮೌನದಷ್ಟು ಭಂಗ ತರುವುದು ಬೇರೆ ಇಲ್ಲ.

'ಏನು, ಏನದು? ಇನ್ನೊಂದ್ಸಲ ಓದಮ್ಮ.'

ಓದಿದರು.

'ಕೇಳಿಸ್ತು. ಏಳು ಜನ ನಕ್ರು ಅಂದ್ಯಲ್ಲ, ಯಾಕೆ ನಕ್ರು?'

'ಅದು ಗೊತ್ತಿಲ್ಲ ಡಾಕ್ಟ್ರೇ. ಎಷ್ಟು ಜನ ಅಂತ ಮಾತ್ರ ನನ್ನ ಕೆಲಸ.'

'ಸಭೆಗೆ ತಡವಾಗಿ ಬರೋರು ಯಾರು ಇಲ್ಲಿ?' ವೈದ್ಯರು ನಿಷ್ಕಪಟವಾಗಿ, ರೋಗಿಯನ್ನು ವಿಚಾರಿಸುವಂತೆ, ಒಬ್ಬೊಬ್ಬರನ್ನೇ ನೋಡಿದರು. 'ಈಯಮ್ಮ ಯಾವತ್ತಾದ್ರೂ ತಡವಾಗಿ ಬಂದಿದ್ದಾಳಾ?'

ಬಂದವರ ಹೊತ್ತು ನಡಾವಳಿಯ ಮೊದಲ ಪುಟದಲ್ಲೇ ಇರುತ್ತದೆ. ಅವರು ಅದನ್ನೂ ಓದಿದರು. ತಾವು ಹತ್ತೂವರೆ. ಅಧ್ಯಕ್ಷರು ಹನ್ನೊಂದೂ ಕಾಲು. ಉಪಾಧ್ಯಕ್ಷರು ಹನ್ನೆರಡಕ್ಕೆ ಹತ್ತು ನಿಮಿಷ; ತಡವಾದದ್ದಕ್ಕೆ ಕಾರಣ, ಕ್ಷೌರದಂಗಡಿಯಲ್ಲಿ ಮೀಸೆಗೆ ಬಣ್ಣ ಒಣಗಿರಲಿಲ್ಲ, ಹಾಗೆಂದು ಅವರೇ ತಿಳಿಸಿದ್ದರು.

ಮೊದಲು ನಕ್ಕವರು ಯಾರೋ ನನಗೆ ತಿಳಿಯಲಿಲ್ಲ. ಉಪಾಧ್ಯಕ್ಷರೇ ಇರಬೇಕು. ಅವರ ದುಂಡುಮುಖ ಕೆಂಪಾಗಿ, ಉಬ್ಬಿ, ಒಡೆಯಿತು. ಮೇಜು ಕುಟ್ಟಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ತಮ್ಮ ಮೇಲೆ ತಾವೇ ನಗುವುದು ಅವರಿಗೆ ಬಹುಶಃ ಅದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಕೆಮ್ಮು ಬಂತು. ಕೋಣೆಯೇ ನಕ್ಕಿತು. ಬಿಂದಿಗೆ ಢಣ್ ಎಂದಿತು. ಎಣಿಸುವ ಕೈ ನಗುವಿನಿಂದ ನಡುಗುತ್ತಿದ್ದುದರಿಂದ ಆ ದಿನದ ನಡಾವಳಿಯಲ್ಲಿ 'ಎಲ್ಲರೂ' ಎಂದಷ್ಟೇ ಇದೆ.

ಅಷ್ಟಾದರೂ ಕೈ ಎತ್ತುವ ಹೊತ್ತು ಬಂದಾಗ ಪರವಾಗಿ ಎದ್ದದ್ದು ನಾಲ್ಕೇ ಕೈ. ನಕ್ಕ ಮಾತ್ರಕ್ಕೆ ಮನಸ್ಸು ಬದಲಾಗುವುದಾದರೆ ಲೋಕ ಎಂದೋ ಉದ್ಧಾರವಾಗುತ್ತಿತ್ತು. ನಾಲ್ವರು ಕಿಟಕಿಯಾಚೆ ನೋಡುತ್ತಿದ್ದರು. ಉಪಾಧ್ಯಕ್ಷರು ಕಣ್ಣೊರೆಸಿಕೊಂಡ ಕರವಸ್ತ್ರವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಕೈ ಎತ್ತಿದರು.

'ಯಾರು ಯಾವ ಕಡೆ ಅನ್ನೋದೂ ಮನೆಗೆ ಬರುತ್ತಲ್ವಾ?' ಎಂದು ಕೇಳಿದರು.

'ಬರುತ್ತೆ ಸಾರ್.'

'ಹಾಗಾದ್ರೆ ನಾನು ಸಂತೋಷವಾಗಿ ಎತ್ತಿದೆ ಅಂತ ಬರ್ಕೊಳ್ಳಿ.'

'ಎತ್ತಿದ್ರಿ ಅಂತ ಬರ್ಕೋತೀನಿ ಸಾರ್. ಸಂತೋಷ ನನಗೆ ಕಾಣಿಸ್ಲಿಲ್ಲ.'

ಐದು, ನಾಲ್ಕು. ಪೆನ್ಸಿಲಮ್ಮ ಕಾರ್ಯದರ್ಶಿಯಾದರು.

ಅವರನ್ನು ಅಭಿನಂದಿಸಲು ಕಚೇರಿಯವರೆಲ್ಲ ಸೇರಿದಾಗ ಭಾಷಣದ ಹೊಣೆ ನನಗೆ ಬಂತು. ನಾನು ಮೂರು ದಿನ ಕೂತು ಬರೆದೆ. ಮಾತನ್ನು ತಿದ್ದಲು ಹೊರಟವರು ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರು ಬೈಯುತ್ತಾರೆ, ಬೋಧಿಸುತ್ತಾರೆ, ಮುನಿಸಿಕೊಂಡು ಎದ್ದುಹೋಗುತ್ತಾರೆ, ನಾವು ಅವರನ್ನೂ ಒಂದು ಹಾಸ್ಯ ಮಾಡಿ ಮುಗಿಸುತ್ತೇವೆ. ಆದರೆ ಅಪರೂಪಕ್ಕೆ ಇನ್ನೊಂದು ಜಾತಿಯವರು ಹುಟ್ಟುತ್ತಾರೆ: ಅವರು ನಮ್ಮ ಮಾತಿಗೆ ಒಂದು ಅಕ್ಷರ ಸೇರಿಸುವುದಿಲ್ಲ, ಒಂದು ಅಕ್ಷರ ಕಳೆಯುವುದಿಲ್ಲ, ನಾವು ಉಗುಳಿ ಮರೆತದ್ದನ್ನು ಒರೆಸಿ, ತೊಳೆದು, ಇದು ತಮ್ಮದಲ್ಲವೇ ಎಂದು ಮರ್ಯಾದೆಯಿಂದ ನಮ್ಮ ಕೈಗೇ ಕೊಡುತ್ತಾರೆ, ಬೈದವರನ್ನು ಮರೆಯಬಹುದು, ಇಂಥವರನ್ನು ಮರೆಯಲಾಗುವುದಿಲ್ಲ, ಭಾಷೆ ನಾಲ್ಕು ದಿನ ಶುಚಿಯಾಗಿ ಬಾಳುವುದು ಇಂಥವರ ದೆಸೆಯಿಂದ, ಎಂದೆಲ್ಲ ಏರುಧ್ವನಿಯಲ್ಲಿ ಓದಿ, ಚಪ್ಪಾಳೆಯ ನಡುವೆ ಕೆಳಗಿಳಿದು, ಈ ಮಹಾಸಮರವನ್ನು ಇಷ್ಟು ವರ್ಷ ಒಬ್ಬರೇ ಹೇಗೆ ನಡೆಸಿದಿರಿ ಎಂದು ಅವರನ್ನೇ ಕೇಳಿದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

'ಸಮರ ಎಲ್ಲಿಂದ ಬಂತ್ರೀ? ಅವರು ಆಡಿದ್ರು, ನಾನು ಬರ್ಕೊಂಡೆ. ಬೇರೆ ಥರ ಆಡಿದ್ದಿದ್ರೆ ಬೇರೆ ಥರ ಬರ್ಕೋತಿದ್ದೆ.'